ವಾಮನರಾವ್ ಕಾಕಾರ ಹೆಸರಿನಲ್ಲಿ

ಹೋದ ಜೂನಿನಲ್ಲಿ ಸಿಕಂದರಾಬಾದ್ ಸ್ಟೇಷನ್ನಿನ ಹತ್ತಿರದ ಗಲ್ಲಿಗಳಲ್ಲಿ ಝೆರಾಕ್ಸ್ ಅಂಗಡಿ ಹುಡುಕುತ್ತ ಹೊರಟಿದ್ದೆ. ಮಗಳ ಶಾಲೆಯವರು ಕೇಳಿದ ಕಾಗದಗಳ ನಕಲು ಬೇಕಾಗಿತ್ತು. ಮಳೆ ನಿಂತು ಒಂದು ತಾಸಾಗಿದ್ದರೂ ಗಟಾರದ ನೀರು ಇನ್ನೂ ರಸ್ತೆಯ ಮೇಲೆಯೇ ಇತ್ತು. ಪ್ಯಾಂಟು ಮಡಚಿಕೊಂಡು ಒಂದು ತಿರುವು ದಾಟಿದೆ, ಮೂಗಿಗೆ ಅಮೋನಿಯಾ ಹೊಡೆಯಿತು. ಬೆಕ್ಕಿನ ಉಚ್ಚೆಯಂಥ, ಕಣ್ಣಲ್ಲಿ ನೀರು ತರಿಸುವ ವಾಸನೆ. ಇಂಜಿನಿಯರಿಂಗ್ ನಕ್ಷೆಗಳ ಪ್ರತಿ ತೆಗೆಯುವ ಹಳೆಯ ಮಷೀನಿನದು. ನನ್ನ ಮೊದಲ ನೌಕರಿಯ ಕೋಣೆಯಲ್ಲಿ ಅಂಥದೊಂದು ಇತ್ತು. ಈಗ ಹುಡುಕಿದರೂ ಸಿಗುವುದಿಲ್ಲ.

ನಿಂತುಬಿಟ್ಟೆ. ಅಂಗಡಿಯ ಒಳಗಿಂದ ದನಿ ಬಂತು.

“ಕ್ಯಾ ಮಲ್ಲು ಭಾಯ್, ನಿನಕಿಂತ ಮೊದಲ ನಿನ್ನ ಹೊಟ್ಟಿ ಬಂತಲ್ಲೋ ಅಂಗಡ್ಯಾಗ!”

ಇಮ್ರಾನ್. ಆ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನಕ್ಷೆ ತೆಗೆಯುತ್ತಿದ್ದ ಕಲಬುರ್ಗಿಯವ. ಆಫೀಸು ಮುಚ್ಚಿದಾಗ ಮೂಲೆಗೆ ಬಿದ್ದಿದ್ದ ಮಷೀನನ್ನು ಎತ್ತಿಕೊಂಡು ಬಂದು ಈ ಅಂಗಡಿ ಹಾಕಿದನಂತೆ. ಸ್ಟೂಲು ಕೊಟ್ಟ, ಚಹಾ ತರಿಸಿದ, ಮನೆ ಮಕ್ಕಳು ಎಲ್ಲ ಕೇಳಿದ. ಆ ಆಫೀಸಿನಲ್ಲಿ ನಮ್ಮ ಜೊತೆಗಿದ್ದ ವಾಮನರಾವ್ ಕಾಕಾ ಹೇಗಿದ್ದಾರೆ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ.

“ಕಾಕಾ ಬಂದಿದ್ರು ಹೋದ ತಿಂಗಳ. ತಬಿಯತ್ ಠೀಕ್ ಐತಿ. ಖರೇ ತಮ್ಮ ತಲಿ ಮ್ಯಾಲ ತಮಗ ಭರೋಸಾ ಹೋಗೇತಿ. ಆ ಫೋಲ್ಡರ್ ಡಿಲೀಟ್ ಮಾಡಿಬಿಟ್ಟಿದ್ರಲ್ಲಾ, ಆವಾಗಿಂದ ಹಂಗ. ನೀ ಇದ್ದಿ ಅಂತ ಉಳೀತು. ನಿನ್ನ ಹೆಸರು ತೆಗೀದ ದಿನ ಇಲ್ಲ ಅವರು. ಮಲ್ಕಾಜ್‌ಗಿರಿ ಏನ್ ದೂರ ಯಾರ್, ಒಮ್ಮೆ ಹೋಗಿ ಮುಖ ತೋರ್ಸು.”

ಚಹಾದ ಲೋಟ ಕೆಳಗಿಟ್ಟೆ. ಆ ಫೋಲ್ಡರ್ ಡಿಲೀಟ್ ಮಾಡಿದ್ದು ಕಾಕಾ ಅಲ್ಲ, ನಾನು. ಆವತ್ತಿನ ತನಕ ಇದನ್ನು ನಾನು ಯಾರಿಗೂ, ಹೆಂಡತಿಗೂ ಸಹ, ಹೇಳಿರಲಿಲ್ಲ.

ತೆಲಂಗಾಣ ಬೇರೆ ರಾಜ್ಯವಾಗಿ ಎರಡು ಮೂರು ವರ್ಷವಾಗಿದ್ದ ಬೇಸಿಗೆ ಅದು. ನಾನು ಬಿ.ಎಸ್ಸಿ. ಕಂಪ್ಯೂಟರ್ಸ್ ಮುಗಿಸಿದ್ದೆ. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಒಂದಿಷ್ಟು ಮುಂದೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಯಾದಗಿರಿ ಕಡೆಯಿಂದ ಬಂದು ಮಲ್ಕಾಜ್‌ಗಿರಿಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದ. ಹೆಗಲ ಮೇಲೆ ಸುತ್ತಿಗೆ ಹೊತ್ತು ಹಳಿಗುಂಟ ನಡೆಯುವ ಕೆಲಸ. ಓದು ಎಂದರೆ ಅವನಿಗೆ ಕಿಲೋಮೀಟರ್ ಕಲ್ಲಿನ ಅಂಕಿ ಮಾತ್ರ. ಅಪ್ಪನ ಕಡೆ, ಅವ್ವನ ಕಡೆ ಎರಡೂ ಸೇರಿಸಿ ಲೆಕ್ಕ ಹಾಕಿದರೂ ಡಿಗ್ರಿ ಕಂಡವ ನಾನೇ ಮೊದಲು. ಮುಂಜಾನೆ ಮನೆಮನೆಗೆ ಪೇಪರ್ ಹಾಕಿ, ಸಂಜೆ ಕಾಲೇಜಿಗೆ ಹೋಗಿ, ಒಂದು ವಿಷಯದಲ್ಲಿ ಎರಡು ಸಲ ಫೇಲಾಗಿ ತಗೊಂಡ ಡಿಗ್ರಿ. ಅಪ್ಪ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಎಲ್ಲಮ್ಮನ ಫೋಟೋದ ಪಕ್ಕ ಮೊಳೆ ಹೊಡೆದಿದ್ದ. ಮನೆಗೆ ಬಂದವರಿಗೆ ಮೊದಲು ಅದನ್ನು ತೋರಿಸಿ ಆಮೇಲೆ ನೀರು ಕೊಡುತ್ತಿದ್ದ.

ವಾಮನರಾವ್ ಕಾಕಾ ಹಳಿಯ ಆಚೆ ಇರುತ್ತಿದ್ದರು. ನಕ್ಷೆ ತೆಗೆಯುವ ಡ್ರಾಫ್ಟ್ಸ್‌ಮನ್. ವಯಸ್ಸು ಐವತ್ತೈದು ದಾಟಿತ್ತು. ರೈಲ್ವೆ ಗೇಟು ಬಿದ್ದಾಗ ಸ್ಕೂಟರ್ ನಿಲ್ಲಿಸಿಕೊಂಡು ನಿಲ್ಲುತ್ತಿದ್ದವರನ್ನು ಅಪ್ಪ ಮಾತಾಡಿಸುತ್ತಿದ್ದ. ಕನ್ನಡದವರು ಎಂಬುದೇ ಪರಿಚಯ. ಒಂದು ದಿನ ಕೇಳಿಯೇಬಿಟ್ಟನಂತೆ: “ರಾಯರ, ನನ್ನ ಮಗ ಕಂಪ್ಯೂಟರ್ ಡಿಗ್ರಿ ಆಗ್ಯಾನ್ರಿ. ಎಲ್ಲ್ಯರ ಒಂದ್ ಕಡೆ ನೋಡ್ರಿ.”

“ಇಸ್ತ್ರಿ ಮಾಡಿದ ಅಂಗಿ ಹಾಕಿ ನಾಳೆ ಕಳಸು. ಉಳಿದದ್ದು ನಾ ನೋಡ್ತೀನಿ” ಎಂದರಂತೆ ಕಾಕಾ.

ಮರುದಿನದಿಂದ ಅವರ ಸ್ಕೂಟರಿನ ಹಿಂದಿನ ಸೀಟು ನನ್ನದಾಯಿತು.

ಆಫೀಸು ಸಿಕಂದರಾಬಾದಿನಲ್ಲಿ, ಒಂದು ಔಷಧಿ ಅಂಗಡಿಯ ಮೇಲೆ. ಒಂದೇ ದೊಡ್ಡ ಕೋಣೆ, ಐದು ಕಂಪ್ಯೂಟರು, ಪಕ್ಕಕ್ಕೆ ಪ್ರಿಂಟ್ ತೆಗೆಯುವ ಆ ಅಮೋನಿಯಾ ಮಷೀನು. ರೈಲು ಡಬ್ಬಿಯ ಬಿಡಿಭಾಗಗಳ ನಕ್ಷೆ ತಯಾರಿಸಿ ವರ್ಕ್‌ಶಾಪುಗಳಿಗೆ ಕೊಡುವ ಕೆಲಸ. ಯಜಮಾನರು ಜೋಶಿ ಸಾಹೇಬರು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಿಂದ ನಿವೃತ್ತರಾದ ಧಾರವಾಡದವರು. ಕಾಕಾ ಮತ್ತು ಇಮ್ರಾನ್ ಅಲ್ಲದೆ ಇನ್ನಿಬ್ಬರು ತೆಲುಗಿನವರು ನಕ್ಷೆ ತೆಗೆಯುತ್ತಿದ್ದರು. ನಾನು ಕಂಪ್ಯೂಟರ್ ನೋಡಿಕೊಳ್ಳುವವ. ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುವ ಮಾತಾಗಿತ್ತು.

ಕಾಕಾ ಕಂಪ್ಯೂಟರ್ ಬರುವ ಮೊದಲು ಇಪ್ಪತ್ತೈದು ವರ್ಷ ಹಲಗೆಯ ಮೇಲೆ ಕೈಯಿಂದ ಗೆರೆ ಎಳೆದವರು. ಅವರ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಪ್ರತಿ ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಸಣ್ಣ ಮನೆಗಳಿರುತ್ತವೆ: ಬರೆದವರು, ತಪಾಸಿಸಿದವರು, ಒಪ್ಪಿದವರು. ಬರೆದವನ ಮನೆಯಲ್ಲಿ ಯಾರ ಅಕ್ಷರ ಇರುತ್ತದೋ ತಪ್ಪಿಗೆ ಅವನೇ ಜವಾಬ್ದಾರ. ಹತ್ತು ವರ್ಷದ ಮೇಲೆ ಬೋಲ್ಟು ಕೂಡಲಿಲ್ಲ ಅಂತ ಯಾರಾದರೂ ಬಂದರೂ, ಅಲ್ಲಿ ‘ವಾ.ರಾ.’ ಅಂತ ಇದ್ದರೆ ಕಾಕಾ ವಾದ ಮಾಡುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು, “ಹೆಸರು ನಂದ ಅದ. ಕೊಡ್ರಿ, ನೋಡ್ತೀನಿ” ಅನ್ನುತ್ತಿದ್ದರು.

ಏಪ್ರಿಲ್ ಕೊನೆಗೆ ಸಾಹೇಬರು ಎರಡು ಹೊಸ ಕಂಪ್ಯೂಟರ್ ತರಿಸಿದರು. ಅಲ್ಲಿಂದ ತ್ರಾಸು ಶುರುವಾಯಿತು. ಎಲ್ಲ ನಕ್ಷೆಗಳೂ ಮೂಲೆಯ ದೊಡ್ಡ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಇರುತ್ತಿದ್ದವು. ಉಳಿದವರು ತಮ್ಮ ಸೀಟಿನಿಂದಲೇ ಅದನ್ನು ತೆರೆದು ಕೆಲಸ ಮಾಡಬೇಕು. ಹೊಸವನ್ನು ಜೋಡಿಸಿದ ಮೇಲೆ ಒಂದು ಸೀಟಿನಲ್ಲಿ ಫೋಲ್ಡರು ತೆರೆಯಲೇ ಇಲ್ಲ, ‘ಆಕ್ಸೆಸ್ ಡಿನೈಡ್’ ಅಂತ ಬಂತು. ಇನ್ನೆರಡರಲ್ಲಿ ತೆರೆದರೂ ಸೇವ್ ಆಗುತ್ತಿರಲಿಲ್ಲ. ಇಮ್ರಾನ್ ಅರ್ಧ ದಿನ ತೆಗೆದ ನಕ್ಷೆ ಹಾಗೇ ಹೋಯಿತು.

ಇಂಥ ಫೋಲ್ಡರಿಗೆ ಎರಡು ಚಿಲಕ ಇರುತ್ತವೆ. ನೆಟ್‌ವರ್ಕಿನಿಂದ ಬರುವವರಿಗೆ ಒಂದು, ಫೋಲ್ಡರಿನದೇ ಇನ್ನೊಂದು. ಒಂದನ್ನು ಪೂರ್ತಿ ತೆಗೆದಿಟ್ಟರೂ ಇನ್ನೊಂದು ಹಾಕಿದ್ದರೆ ಒಳಗೆ ಬಿಡುವುದಿಲ್ಲ. ಯಾರು ಯಾರು ಬರಬಹುದು ಎಂದು ದೊಡ್ಡ ಕಂಪ್ಯೂಟರಿನಲ್ಲಿ ಒಬ್ಬೊಬ್ಬರ ಹೆಸರು ಬರೆದು, ಓದುವುದು, ತಿದ್ದುವುದು, ಅಳಿಸುವುದು ಯಾರಿಗೆ ಎಂದು ಬೇರೆ ಬೇರೆ ಗೊತ್ತು ಮಾಡಬೇಕು. ಕಾಲೇಜಿನಲ್ಲಿ ನಾನು ಇದರ ಮೇಲೆ ಐದು ಅಂಕದ ಉತ್ತರ ಬರೆದಿದ್ದೆ. ಎದುರಿಗೆ ಬಂದಾಗ ಮಾತ್ರ ಮೊದಲನೆಯ ಚಿಲಕವನ್ನೇ ಮೂರು ದಿನ ತೆಗೆಯುತ್ತ ಹಾಕುತ್ತ ಕೂತೆ.

ಹೊರಗೆ ನಲವತ್ತೆರಡು ಡಿಗ್ರಿ. ಕೂಲರಿನಲ್ಲಿ ಹುಲ್ಲು ಒಣಗಿ ಬಿಸಿಗಾಳಿ ಬರುತ್ತಿತ್ತು. ನನ್ನ ಹಿಂದೆ ಮೂರು ಜನ ಕೈಕಟ್ಟಿಕೊಂಡು ಕೂತಿದ್ದರು.

“ಏನಪಾ ಗ್ರಾಜುಯೇಟ್ ಸಾಬ್,” ಅನ್ನುತ್ತಿದ್ದ ಇಮ್ರಾನ್, “ನಿನ್ನ ಡಿಗ್ರಿ ಇನ್ನೂ ಲೋಡಿಂಗ್ ಐತೇನು?”

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಕಿವಿ ಕಾಯುತ್ತಿದ್ದವು. ಸಾಹೇಬರು ನಗುತ್ತಿರಲಿಲ್ಲ. ಮೂರನೆಯ ದಿನ ಕಾಕಾರನ್ನು ಕರೆದು, “ವಾಮನರಾವ್, ನಿಮ್ಮ ಹುಡುಗಗ ಬರ್ತದೋ ಇಲ್ಲೋ? ಹೊರಗಿನವರನ್ನ ಕರಸ್ಲೇನು?” ಅಂದದ್ದು ನನಗೆ ಕೇಳಿಸಿತು.

“ಕಲೀತಾನ್ರಿ. ಇವತ್ತೊಂದು ದಿನ ಬಿಡ್ರಿ” ಅಂದರು ಕಾಕಾ.

ಕಾಕಾರ ಸೀಟಿನಿಂದ ಮಾತ್ರ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಯಾಕೆಂದು ಆವತ್ತು ಹೊಳೆಯಿತು. ಮೂಲೆಯ ದೊಡ್ಡ ಕಂಪ್ಯೂಟರ್ ಹಿಂದೊಮ್ಮೆ ಅವರದೇ ಆಗಿತ್ತು. ಅವರ ಹೆಸರು, ಪಾಸ್‌ವರ್ಡ್ ಅದರೊಳಗೆ ಮೊದಲಿಂದಲೂ ಇದ್ದವು. ಹಾಗಾದರೆ ಉಳಿದ ಕಂಪ್ಯೂಟರುಗಳೂ ‘ನಾವು ವಾಮನರಾವ್’ ಎಂದು ಹೇಳಿಕೊಂಡು ಬಂದರೆ? ಚಿಲಕದ ಗೊಡವೆಯೇ ಇಲ್ಲ.

ಕಾಕಾರ ಹತ್ತಿರ ಪಾಸ್‌ವರ್ಡ್ ಕೇಳಿದೆ. ಯಾಕೆ ಏನು ಕೇಳಲಿಲ್ಲ. ಒಂದು ಚೂರು ಟ್ರೇಸಿಂಗ್ ಪೇಪರಿನ ಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದುಕೊಟ್ಟರು: ಹೆಂಡತಿಯ ಹೆಸರು, ಮುಂದೆ ಮನೆಯ ನಂಬರು. “ಸುಧಾಗ ಹೇಳಬ್ಯಾಡ ಮತ್ತ. ಆಫೀಸಿನಾಗೂ ನನ್ನ ಹೆಸರ ಹಾಕ್ಕೊಂಡ ಕೂತೀರೇನು ಅಂತ ಬಡಿವಾರ ಮಾಡ್ತಾಳ” ಎಂದು ನಕ್ಕರು.

ಎಲ್ಲರೂ ಊಟಕ್ಕೆ ಹೋದಾಗ ಒಂದೊಂದೇ ಸೀಟಿಗೆ ಹೋಗಿ ಕಾಕಾರ ಹೆಸರನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುವಂತೆ ಹಾಕಿದೆ. ನನ್ನ ಸೀಟಿಗೂ ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ. ಬಂದು ನೋಡಿದರೆ ಎಲ್ಲ ಕಡೆ ಫೋಲ್ಡರು ತೆರೆಯುತ್ತದೆ, ಸೇವ್ ಆಗುತ್ತದೆ. ಇಮ್ರಾನ್ ಎದ್ದು ನಿಂತು ಸಲಾಮು ಹೊಡೆದ. ಸಾಹೇಬರು ಉಸ್ಮಾನಿಯಾ ಬಿಸ್ಕೀಟು ತರಿಸಿದರು.

“ಏನ್ ಮಾಡಿದೆಪಾ?” ಕೇಳಿದರು.

“ಪರ್ಮಿಷನ್ ಎಲ್ಲಾ ಸೆಟ್ ಮಾಡೀನ್ರಿ ಸರ್.”

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಮೂರು ದಿನ ತಿಂದ ಅವಮಾನಕ್ಕೆ ಬಡ್ಡಿ ಬೇಕಾಗಿತ್ತು ನನಗೆ. ಆ ವಾರ ಇಂಟರ್ನೆಟ್ಟಿನಲ್ಲಿ ಓದಿ ದೊಡ್ಡ ಕಂಪ್ಯೂಟರಿನಲ್ಲಿ ಇನ್ನೊಂದು ವ್ಯವಸ್ಥೆ ಮಾಡಿದೆ. ಯಾರು ಯಾವ ಫೈಲು ಅಳಿಸಿದರೂ ಅದು ಹೆಸರು, ವೇಳೆ ಬರೆದಿಟ್ಟುಕೊಳ್ಳುತ್ತದೆ. ಸಾಹೇಬರನ್ನು ಕರೆದು ತೋರಿಸಿದೆ. “ಇನ್ನ ಯಾರೂ ತಪ್ಪಿಸ್ಕೊಳ್ಳಾಕ ಆಗಂಗಿಲ್ರಿ ಸರ್. ಕಂಪ್ಯೂಟರ್ ಹೆಸರು ಬರದ ಇಡತೈತಿ.” ಎಲ್ಲರ ಹೆಸರೂ ಒಂದೇ ಆಗಿದೆ ಎಂಬುದು ನನಗೆ ಗೊತ್ತಿತ್ತು. ಒಬ್ಬೊಬ್ಬರದು ಬೇರೆ ಮಾಡಬೇಕು, ಬರುವ ವಾರ ಮಾಡೋಣ ಅಂದುಕೊಂಡೆ. ಬರುವ ವಾರ, ಅದರ ಮುಂದಿನ ವಾರ. ನಡೆಯುತ್ತಿದೆಯಲ್ಲ, ಯಾಕೆ ಕೈ ಹಾಕಬೇಕು.

ಜೂನ್ ಬಂತು, ರಂಜಾನ್ ಶುರುವಾಯಿತು. ಇಮ್ರಾನ್ ಉಪವಾಸ, ಅವನ ಎದುರು ನೀರು ಕುಡಿಯಬಾರದೆಂದು ಕಾಕಾ ಬಾಟಲಿಯನ್ನು ಮೆಟ್ಟಿಲ ಮೇಲೆ ಇಟ್ಟು ಅಲ್ಲಿಗೆ ಹೋಗಿ ಕುಡಿದು ಬರುತ್ತಿದ್ದರು. ಆ ದಿನಗಳಲ್ಲಿ ದೊಡ್ಡ ಕೆಲಸವೊಂದು ಮುಗಿಯಲು ಬಂದಿತ್ತು. ಗೂಡ್ಸ್ ಡಬ್ಬಿಯ ಬ್ರೇಕಿನ ಭಾಗಗಳು, ಎಂಟು ತಿಂಗಳ ನಕ್ಷೆಗಳು. ಹೆಚ್ಚಿನವು ಕಾಕಾರ ಕೈಯವು.

ಮೇ ತಿಂಗಳಲ್ಲಿ ಪ್ರಯೋಗ ಮಾಡಿ ನೋಡಲೆಂದು ನಾನು ಆ ಫೋಲ್ಡರಿನ ಒಂದು ನಕಲನ್ನು ನನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೆ. ಒಂದು ಗುರುವಾರ ಸಂಜೆ, ಮನೆಗೆ ಹೊರಡುವ ಮುಂಚೆ, ಜಾಗ ತಿನ್ನುತ್ತಿದೆ ಎಂದು ಆ ನಕಲನ್ನು ಅಳಿಸಿದೆ. ಪರದೆಯ ಮೇಲೆ ಎರಡು ಕಿಟಕಿ ತೆರೆದಿದ್ದವು. ಒಂದರಲ್ಲಿ ನನ್ನ ನಕಲು, ಇನ್ನೊಂದರಲ್ಲಿ ದೊಡ್ಡ ಕಂಪ್ಯೂಟರಿನ ಅಸಲು. ನೋಡಲು ಎರಡೂ ಒಂದೇ.

ಶುಕ್ರವಾರ ಬೆಳಿಗ್ಗೆ ಬ್ರೇಕಿನ ಫೋಲ್ಡರು ಇರಲಿಲ್ಲ. ನೆಟ್‌ವರ್ಕಿನಿಂದ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ಹೋದದ್ದು ಹೋದಂತೆ. ನಾನು ಅಳಿಸಿದ್ದು ನಕಲು ಎಂದೇ ನಾನು ನಂಬಿದ್ದೆ; ನನ್ನ ಮೇಲೆ ನನಗೆ ಸಂಶಯ ಬರಲಿಲ್ಲ. ಆ ಹೊತ್ತಿನ ಮಟ್ಟಿಗೆ ಇದು ಖರೆ.

ಸಾಹೇಬರು ನನ್ನ ಕಡೆ ತಿರುಗಿದರು. “ಹೆಸರು ಬರದ ಇಡ್ತದ ಅಂದಿದ್ದಿ ಅಲ್ಲಾ. ತೆಗಿ.”

ತೆಗೆದೆ. ಎಲ್ಲರೂ ಹಿಂದೆ ನಿಂತಿದ್ದರು. ಹಿಂದಿನ ಸಂಜೆ, ಐದು ನಲವತ್ತು. ಹೆಸರಿನ ಜಾಗದಲ್ಲಿ ವಾಮನರಾವ್.

ಓದಿದೆ. ಗಟ್ಟಿಯಾಗಿ ಓದಿದೆ. ನನ್ನ ವ್ಯವಸ್ಥೆ ಕೆಲಸ ಮಾಡಿತಲ್ಲ ಎಂಬ ಸಣ್ಣದೊಂದು ಖುಷಿಯೂ ಆ ದನಿಯಲ್ಲಿ ಇತ್ತು. ಅದನ್ನು ನೆನೆಸಿದರೆ ಈಗಲೂ ಊಟ ಬೇಡವಾಗುತ್ತದೆ.

“ನಾನಽ?” ಅಂದರು ಕಾಕಾ. “ಐದು ನಲವತ್ತಕ್ಕ ನಾ ಪ್ರಿಂಟ್ ತೆಗೀಲಿಕ್ಕ ಹತ್ತಿದ್ದೆ ಅನಸ್ತದ.”

“ಹೌದ್ರಿ ಸರ್, ಕಾಕಾ ಮಷೀನ್ ಕಡೆ ಇದ್ರು” ಅಂದ ಇಮ್ರಾನ್.

“ಅನಸ್ತದೋ, ನೆನಪದನೋ?” ಕೇಳಿದರು ಸಾಹೇಬರು. “ಕಂಪ್ಯೂಟರ್‌ಗೇನು ನಿಮ್ಮ ಮ್ಯಾಲ ದ್ವೇಷ ಅದನು, ವಾಮನರಾವ್?”

ಕಾಕಾ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದು ತಮ್ಮ ಹೆಸರನ್ನು ತಾವೇ ಓದಿದರು. ಬಹಳ ಹೊತ್ತು ಓದಿದರು. ಆಮೇಲೆ ಕನ್ನಡಕ ತೆಗೆದು, “ಹೆಸರು ನಂದ ಅದ” ಅಂದರು.

ಆ ಹೆಸರು ಕೋಣೆಯ ಎಲ್ಲರದೂ ಎಂದು ಆ ಕ್ಷಣದಲ್ಲಿ ಹೇಳಬಹುದಿತ್ತು. ಹೇಳಿದರೆ ನಾನು ಪರ್ಮಿಷನ್ ಸೆಟ್ ಮಾಡಿದ್ದು ಎಂಥದು ಎಂದು ಹೊರಗೆ ಬರುತ್ತಿತ್ತು. ಕಾಯಂ ಮಾಡುವ ದಿನಕ್ಕೆ ಇನ್ನೂ ತಿಂಗಳೊಪ್ಪತ್ತು ಇತ್ತು. ಸಂಜೆ ಸಾಹೇಬರೊಬ್ಬರೇ ಇದ್ದಾಗ ಹೇಳೋಣ ಅಂದುಕೊಂಡೆ.

ನಾಲ್ಕು ಗಂಟೆಗೆ, ಏನಾದರೂ ಉಳಿದಿದೆಯೇ ನೋಡೋಣವೆಂದು ನನ್ನ ಕಂಪ್ಯೂಟರ್ ತಡಕಾಡಿದೆ. ಮೇ ತಿಂಗಳ ನಕಲು ಅಲ್ಲಿಯೇ ಇತ್ತು. ನಿನ್ನೆ ಸಂಜೆ ನಾನು ಅಳಿಸಿದ ನಕಲು. ಅಳಿಸಿದ್ದೇ ಆದರೆ ಅದು ಹೇಗೆ ಇರುತ್ತದೆ? ಎದ್ದು ದೊಡ್ಡ ಕಂಪ್ಯೂಟರಿಗೆ ಹೋಗಿ ಅದೇ ದಾಖಲೆ ಮತ್ತೆ ತೆಗೆದೆ. ಬೆಳಿಗ್ಗೆ ಓದದೆ ಬಿಟ್ಟ ಒಂದು ಸಾಲು ಕೆಳಗೆ ಇತ್ತು. ಯಾವ ಕಂಪ್ಯೂಟರಿನಿಂದ ಅಳಿಸಿದ್ದು ಎಂಬ ಸಾಲು. ನನ್ನ ಸೀಟಿನ ನಂಬರು.

ಅತ್ತಿತ್ತ ನೋಡಿದೆ. ದಾಖಲೆಯನ್ನು ಪೂರ್ತಿ ಅಳಿಸಿದೆ. ಅದಕ್ಕೆ ಒಂದೇ ಗುಂಡಿ. ಆಮೇಲೆ ಸಾಹೇಬರ ಟೇಬಲ್ಲಿನ ಮುಂದೆ ಹೋಗಿ ನಿಂತೆ.

“ಸರ್, ನನ್ನ ಕಡೆ ಮೇ ತಿಂಗಳ ಒಂದು ಕಾಪಿ ಐತ್ರಿ.”

ಉಳಿದ ಮಾತೂ ಬಾಯಿಯ ತನಕ ಬಂದಿತ್ತು. ಅಷ್ಟರಲ್ಲಿ ಸಾಹೇಬರು ಎದ್ದು ಬಂದು ನನ್ನ ಎರಡೂ ತೋಳು ಹಿಡಿದುಕೊಂಡುಬಿಟ್ಟರು. ಇಮ್ರಾನ್ ‘ಯಾ ಅಲ್ಲಾ’ ಎಂದು ಕುರ್ಚಿಯಲ್ಲಿ ಕುಸಿದ. ಕಾಕಾ ತಮ್ಮ ಜಾಗದಿಂದ ನಿಧಾನ ಎದ್ದು ಬಂದರು. ನನ್ನ ತಲೆಯ ಮೇಲೆ ಕೈ ಇಟ್ಟರು. “ನನ್ನ ಮಾನ ಉಳಸಿದೆಪಾ ತಮ್ಮಾ” ಅಂದರು.

ಇನ್ನು ಹೇಳುವುದು ಹೇಗೆ?

ಮೇ ನಂತರದ ನಕ್ಷೆಗಳು ಮಾತ್ರ ಹೋಗಿದ್ದವು. ಅವನ್ನು ಕಾಕಾ ಮತ್ತೆ ತೆಗೆದರು. ಮೂರು ವಾರ, ಭಾನುವಾರವೂ ಸೇರಿ. ಯಾರೂ ಹೇಳಿರಲಿಲ್ಲ, “ನಾ ಕಳದದ್ದು ನಾ ತುಂಬತೀನಿ” ಎಂದು ತಾವೇ ಕೂತರು. ನಾನು ಪಕ್ಕದಲ್ಲಿ ಕೂತು ಒಂದೊಂದು ಅಳತೆ ಓದಿ ಹೇಳುತ್ತಿದ್ದೆ. ಪ್ರತಿ ಸಲ ಸೇವ್ ಮಾಡಿದಾಗ, “ಮಲ್ಲು, ಆತಲ್ಲಾ? ನೀ ನೋಡಿದೀ ಅಲ್ಲಾ?” ಎಂದು ಕೇಳುತ್ತಿದ್ದರು. ಮೊದಲ ವಾರ ದಿನಕ್ಕೆ ನಾಲ್ಕು ಸಲ, ಮೂರನೆಯ ವಾರಕ್ಕೆ ಹತ್ತು ನಿಮಿಷಕ್ಕೊಮ್ಮೆ. ಸ್ಕೂಟರಿನಲ್ಲಿ ಹೋಗುವಾಗ ಅರ್ಧ ದಾರಿಯಲ್ಲಿ ನಿಲ್ಲಿಸಿ, ಕೀಲಿ ಹಾಕಿದೆನಲ್ಲ ಎಂದು ಕೇಳುತ್ತಿದ್ದರು. “ಹಾಕೀರ್ರಿ ಕಾಕಾ, ನಾ ನೋಡೀನಿ.” ನೋಡಿರದಿದ್ದರೂ ಹಾಗೆ ಹೇಳುತ್ತಿದ್ದೆ.

ಆ ಮೂರು ವಾರದಲ್ಲೇ ನಾನು ಒಬ್ಬೊಬ್ಬರ ಹೆಸರನ್ನೂ ಬೇರೆ ಮಾಡಿ, ಎರಡೂ ಚಿಲಕಗಳನ್ನು ಸರಿಯಾಗಿ ಕೂಡಿಸಿ, ಅಳಿಸುವ ಅಧಿಕಾರವನ್ನು ಸಾಹೇಬರೊಬ್ಬರಿಗೇ ಇಟ್ಟೆ. ಅರ್ಧ ದಿನದಲ್ಲಿ ಮುಗಿಯಿತು. ಪುಸ್ತಕದಲ್ಲಿ ಇದ್ದಂತೆಯೇ ಆಯಿತು. ನನ್ನ ನೌಕರಿಯಲ್ಲಿ ನಾನು ಶುದ್ಧವಾಗಿ ಮಾಡಿದ ಮೊದಲ ಕೆಲಸ ಅದು, ಮಾಡಿದ್ದು ಯಾರಿಗೂ ಏನೂ ತಿಳಿಯಬಾರದೆಂದು.

ಜುಲೈನಲ್ಲಿ ನಕ್ಷೆಗಳನ್ನು ವರ್ಕ್‌ಶಾಪಿಗೆ ಕಳಿಸಿದ್ದಾಯಿತು. ಕಾಕಾ ಸಾಹೇಬರ ಮುಂದೆ ನಿಂತು ನೌಕರಿ ಸಾಕು ಅಂದರು. ಸಾಹೇಬರಿಗೂ ದುಃಖವಾಯಿತು. “ಒಂದು ತಪ್ಪಿಗೆ ಯಾರು ಬಿಡ್ತಾರ್ರಿ ವಾಮನರಾವ್? ನಾ ಏನರ ಅಂದೆನೇನು?”

“ಇಲ್ರಿ ಸಾಹೇಬ್ರ. ತಪ್ಪು ಮಾಡೇನಿ ಅಂತ ತಿಳದ್ರ ತಿದ್ದಬಹುದು. ಮಾಡಿದ್ದಽ ನೆನಪಿಲ್ಲ ಅಂದ್ರ? ನಾಳೆ ಬ್ರೇಕಿನ ಅಳತಿ ತಪ್ಪಿ ಬರದು ನೆನಪಿಲ್ಲ ಅಂದ್ರ?”

ಅದಕ್ಕೆ ಉತ್ತರ ಇದ್ದವ ನಾಲ್ಕು ಹೆಜ್ಜೆ ಆಚೆ ಕೀಬೋರ್ಡ್ ಒರೆಸುತ್ತ ಕೂತಿದ್ದ.

ಅದೇ ತಿಂಗಳ ಕೊನೆಗೆ ನನ್ನನ್ನು ಕಾಯಂ ಮಾಡಿದರು. ಅಪ್ಪ ಕ್ವಾರ್ಟರ್ಸಿನ ತುಂಬ ಪೇಡೆ ಹಂಚಿದ. ಹಳಿ ದಾಟಿ ಕಾಕಾರ ಮನೆಗೂ ಹೋಗಿ ಕೊಟ್ಟು ಬಂದ. “ರಾಯರು ಕಣ್ಣಾಗ ನೀರು ತಂದ್ರು ಮಗಾ. ನಿನ್ನ ಮಗ ನನ್ನ ಮಾನ ಉಳಸ್ಯಾನ ಅಂದ್ರು. ಓದಿದ್ದು ಸಾರ್ಥಕ ಆತು ನೋಡು” ಅಂದ. ಅವನಿಗೆ ಆ ದಿನ ಆದಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಲಿಲ್ಲ.

ಎರಡು ವರ್ಷಕ್ಕೆ ನಾನು ಬೇರೆ ನೌಕರಿ ಹಿಡಿದೆ. ಅಪ್ಪನ ನಿವೃತ್ತಿಯಾಗಿ ನಾವು ಉಪ್ಪಲ್ ಕಡೆಗೆ ಮನೆ ಮಾಡಿದೆವು. ಈಗ ನನ್ನ ಕೈಕೆಳಗೆ ಆರು ಜನ ಇದ್ದಾರೆ. ಹೊಸಬರು ಬಂದರೆ ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರು ಹಾಕಬಾರದು ಎಂದು ಮೊದಲ ದಿನವೇ ಹೇಳುತ್ತೇನೆ. ಯಾಕೆ ಎಂದು ಕೇಳಿದರೆ ನಿಯಮ ಎನ್ನುತ್ತೇನೆ. ಮಲ್ಕಾಜ್‌ಗಿರಿಯ ಮೇಲೆ ಹಾಯುವ ರೈಲಿನಲ್ಲಿ ಹೋಗುವಾಗ ಕಿಟಕಿಯ ಕಡೆ ಕೂಡುವುದಿಲ್ಲ.

ಇಮ್ರಾನನ ಅಂಗಡಿಯಲ್ಲಿ ಆ ಮಾತು ಕೇಳಿದ ಮೇಲೆ ಒಂದು ವಾರ ಹೇಗೋ ಕಳೆದೆ. ಭಾನುವಾರ ಹೊರಟೆ. ಹೇಳಿಯೇ ಬರುವುದು ಎಂದು ಗಟ್ಟಿ ಮಾಡಿಕೊಂಡು ಹೊರಟೆ.

ಬಾಗಿಲು ತೆರೆದವರು ಸುಧಾ ಕಾಕು. ಕೂದಲು ಪೂರ್ತಿ ಬೆಳ್ಳಗಾಗಿತ್ತು. “ಅಯ್ಯ, ಮಲ್ಲು! ದಾರಿ ಗೀರಿ ತಪ್ಪೀದೇನೋ?” ಎಂದು ಒಳಗೆ ಕರೆದರು. ಕಾಕಾ ಮಂಚದ ಮೇಲೆ ಕೂತಿದ್ದರು, ಮಡಿಲಲ್ಲಿ ಒಂದು ಡೈರಿ. ನನ್ನನ್ನು ಕಂಡು ಮುಖ ಅರಳಿತು. ಮಾತಾಡಿಸುವ ಮೊದಲು ಗಡಿಯಾರ ನೋಡಿ ಡೈರಿಯಲ್ಲಿ ಒಂದು ಸಾಲು ಬರೆದರು. ಹಾಳೆ ನನಗೆ ಕಾಣುತ್ತಿತ್ತು. ಅಕ್ಷರ ಹಾಗೇ ಇದ್ದವು, ಅದೇ ಮುತ್ತು. ‘೯.೧೦ ಗ್ಯಾಸ್ ಬಂದ್. ೯.೧೨ ಮತ್ತೆ ನೋಡಿದೆ, ಬಂದ್. ೯.೨೦ ಗುಳಿಗೆ ತಗೊಂಡೆ. ೧೧.೦೫ ಮಲ್ಲು ಬಂದ.’

ಕೂತ ಕೂಡಲೇ ಹೇಳಿದೆ. ನಿಲ್ಲಿಸಿದರೆ ಮತ್ತೆ ಆಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. “ಕಾಕಾ, ಆ ಫೋಲ್ಡರ್ ನೀವು ಡಿಲೀಟ್ ಮಾಡಿಲ್ರಿ. ನಾ ಮಾಡಿದ್ದು. ಎಲ್ಲಾ ಕಂಪ್ಯೂಟರಿಗೂ ನಿಮ್ಮ ಹೆಸರಽ ಹಾಕಿದ್ದೆ ನಾನು. ನನ್ನ ಸೀಟಿನಿಂದ ಮಾಡಿದ್ರೂ ಅದು ನಿಮ್ಮ ಹೆಸರಽ ತೋರಸ್ತಿತ್ತು.”

ಕಾಕು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಏನಂದಿ? ಇನ್ನೊಮ್ಮೆ ಅನ್ನು.”

ಇನ್ನೊಮ್ಮೆ ಹೇಳಿದೆ.

ಕಾಕು ಅಲ್ಲೇ ಹೊಸ್ತಿಲ ಮೇಲೆ ಕೂತರು. “ಹಾಲು ಉಕ್ಕಿದ್ರ ನನ್ನ ತಲಿ ಹೋತು ಅಂತಾರ. ಛತ್ರಿ ಮರತ್ರ ತಲಿ ಹೋತು ಅಂತಾರ. ಎರಡು ಡಾಕ್ಟರಿಗೆ ತೋರ್ಸಿದ್ವಿ. ಏನೂ ಆಗಿಲ್ಲ ಅಂದ್ರೂ ನಂಬಲಿಲ್ಲ ಇವರು. ಕಂಪ್ಯೂಟರ್ ಸುಳ್ಳ ಹೇಳ್ತದನು ಅಂತ ನನಗಽ ಕೇಳ್ತಿದ್ರು.”

ಕಾಕಾ ನನ್ನನ್ನೇ ನೋಡುತ್ತಿದ್ದರು. “ಅಂದ್ರ ಆ ಹೊತ್ತಿಗೆ ನಾ ಪ್ರಿಂಟ್ ತೆಗೀಲಿಕ್ಕ ಹತ್ತಿದ್ದೆ?”

“ಹೌದ್ರಿ ಕಾಕಾ.”

“ಮಷೀನಿನ ಹತ್ರನಽ ಇದ್ದೆ?”

“ಅಲ್ಲೇ ಇದ್ರಿ.”

“ನೆನಪಿತ್ತು ನನಗ!” ತೊಡೆ ತಟ್ಟಿಕೊಂಡರು. “ಸುಧಾ, ನನಗ ನೆನಪಿತ್ತು! ಆವತ್ತಽ ಅಂದಿದ್ದೆ ನಾ! ನೆನಪಿತ್ತಲ್ಲಾ ನನಗ!” ನಗುತ್ತಿದ್ದರು, ಕಣ್ಣು ತುಂಬಿದ್ದವು, ಸಣ್ಣ ಹುಡುಗರ ಹಾಗೆ ಮತ್ತೆ ಮತ್ತೆ ಅದನ್ನೇ ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನೆಲದ ಹಾಸುಗಲ್ಲು ನೋಡುತ್ತ ಕೂತೆ. ಬೈಗುಳ ಬರಲಿ ಎಂದು ಕಾಯುತ್ತಿದ್ದೆ. ಬಂದಿದ್ದರೆ ಹಗುರಾಗುತ್ತಿದ್ದೆ.

ನಗು ನಿಂತಿತು. ಕಾಕಾ ಮುಂದೆ ಬಾಗಿ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: “ಇದು ನಿನಗ ಯಾವಾಗ ಗೊತ್ತಾತೋ ತಮ್ಮಾ?”

ಅದೇ ದಿನ ನಾಲ್ಕು ಗಂಟೆಗೆ. ನೀವು ನನ್ನ ತಲೆಯ ಮೇಲೆ ಕೈ ಇಡುವ ಮೊದಲು. ಹೇಳುವುದು ಇಷ್ಟೇ ಇತ್ತು, ಅದಕ್ಕಾಗಿಯೇ ಹೋಗಿದ್ದೆ. ಕಾಕುವಿನ ಕಣ್ಣು ನನ್ನ ಮೇಲೆ ಇತ್ತು. ಕಾಕಾ ಕಾಯುತ್ತಿದ್ದರು.

“ಹೋದ ವಾರ್ರಿ,” ಅಂದೆ. “ಹಳೇ ಹಾರ್ಡ್‌ಡಿಸ್ಕ್ ಒಂದು ತೆಗೆದು ನೋಡಾಕತ್ತಿದ್ದೆ. ಅದರಾಗ ಕಂಡಿತು.”

ಕಾಕಾ ಹಿಂದಕ್ಕೆ ಒರಗಿದರು. ಮುಖದ ಮೇಲೆ ಇದ್ದ ಒಂದು ಸಂಶಯದ ಗೆರೆಯೂ ಹೋಯಿತು. “ನೋಡು ಸುಧಾ,” ಅಂದರು, “ಗೊತ್ತಾದ ಕೂಡ್ಲೇ ಬಂದಾನ ಹುಡುಗ. ಇಷ್ಟು ವರ್ಷದ ಮ್ಯಾಲ ಯಾರ ಕೇಳತಿದ್ರು ಇವನ್ನ? ಇನ್ನೊಬ್ಬ ಇದ್ರ ಸುಮ್ಮ ಕೂಡತಿದ್ದ. ಓದಿದ್ರ ಹಿಂಗ ಓದಬೇಕು.” ಆಮೇಲೆ ನನ್ನ ಬೆನ್ನ ಮೇಲೆ ಕೈ ಇಟ್ಟು, “ಮನಸ್ಸಿಗೆ ಹಚ್ಕೋಬ್ಯಾಡ. ಗೊತ್ತಿಲ್ದ ಆದದ್ದು ತಪ್ಪಲ್ಲ” ಎಂದು ನನ್ನನ್ನೇ ಸಮಾಧಾನ ಮಾಡಿದರು.

ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು. ತಟ್ಟೆಯ ತುಂಬ ಹಚ್ಚಿದ ಅವಲಕ್ಕಿ ತಂದು ನನ್ನ ಮುಂದೆ ಇಟ್ಟರು, ಮೇಲೆ ಹಸಿ ಕೊಬ್ಬರಿ ಉದುರಿಸಿದ್ದರು. ಕಾಕಾ ಎದುರಿಗೆ ಕೂತು ಊರವರ ಸುದ್ದಿ, ಅಪ್ಪನ ಮೊಣಕಾಲಿನ ಸುದ್ದಿ ಕೇಳುತ್ತಿದ್ದರು. ನಾನು ಹೇಳುತ್ತ ತಿಂದೆ. ತಟ್ಟೆ ಖಾಲಿಯಾದಾಗ ಕಾಕು ಇನ್ನಷ್ಟು ತಂದು ಬಡಿಸಿದರು. ಬೇಡ ಅನ್ನಲಿಲ್ಲ. ಅದನ್ನೂ ತಿಂದೆ.